ನೆರಳಿಗೆ ಹೆದರದ ಮರಿಗಳು

ತೂವಾ ರಟ್ಟಿನ ಮೀನನ್ನು ಮೆಲ್ಲನೆ ತಟ್ಟೆಯ ಮೇಲೆ ಹಾಯಿಸಿದಳು. ನೆರಳು ನೀರಿಗಿಳಿಯಿತು, ಜಲ್ಲಿಕಲ್ಲುಗಳ ಮೇಲೆ ತೆವಳಿತು, ಅಲ್ಲಿ ಅಡ್ಡಾಡುತ್ತಿದ್ದ ಸಿಗಡಿ ಮರಿಯೊಂದನ್ನು ಇಕ್ಕಳದಂಥ ಕೊಂಬಿನಿಂದ ಬಾಲದವರೆಗೆ ಮುಚ್ಚಿ ಮುಂದೆ ಹೋಯಿತು. ಮರಿ ಓಡಲಿಲ್ಲ. ಹೆಜ್ಜೆಯನ್ನೂ ತಪ್ಪಿಸಲಿಲ್ಲ. ಸಂತೆಗೆ ಹೊರಟವರ ಹಾಗೆ ತನ್ನ ದಾರಿ ಹಿಡಿದು ನಡೆಯುತ್ತಲೇ ಇತ್ತು.

"ಹೆದರೇ, ಹೆದರೇ ಮಾರಾಯ್ತಿ," ಎಂದಳು ತೂವಾ. "ಮೀನು ಕಣೆ ಇದು. ನಿನ್ನ ತಿನ್ನುತ್ತೆ."

"ರಟ್ಟಿನ ಮೀನು ಅಂತ ಅದಕ್ಕೆ ಗೊತ್ತಾಗಿರ್ಬೇಕು," ಎಂದಳು ಗುನ್ನೆಲ್. ಬಾಗಿಲ ಬಳಿ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕುಳಿತು ಏಲಕ್ಕಿ ಬನ್ನು ಮುರಿಯುತ್ತಿದ್ದಳು. "ನಿನಗಿಂತ ಬುದ್ಧಿವಂತ ಮರಿ."

"ಹಾಗಾದ್ರೆ ಇವು ದಡ್ಡ ಮರಿಗಳಾ?"

ತೂವಾ ಅದೇ ರಟ್ಟಿನ ಮೀನನ್ನು ಪಕ್ಕದ ತಟ್ಟೆಯ ಮೇಲೆ ಹಾಯಿಸಿದಳು. ನೆರಳು ಅಂಚಿಗೆ ಬಂತೋ ಇಲ್ಲವೋ, ತಟ್ಟೆ ಖಾಲಿ. ಬಾಲ ಮಡಚಿ, ಹಿಮ್ಮುಖವಾಗಿ ಚಿಮ್ಮಿ, ಮರಿಗಳೆಲ್ಲ ಕಲ್ಲಿನಡಿಗೂ ಕೊಳವೆಯ ತುಂಡುಗಳೊಳಕ್ಕೂ ಮಾಯವಾಗಿದ್ದವು. ನೀರು ಮಾತ್ರ ಒಂದಿಷ್ಟು ಹೊತ್ತು ನಡುಗುತ್ತಿತ್ತು.

ಗುನ್ನೆಲ್ ಬನ್ನು ಅಗಿಯುವುದನ್ನು ನಿಲ್ಲಿಸಿದಳು.

ಹೊಳೆಸಿಗಡಿಯ ಬದುಕೆಂದರೆ ಅರ್ಧ ಹೆದರಿಕೆ, ಅರ್ಧ ಹೊಟ್ಟೆ. ಹಗಲೆಲ್ಲ ಕಲ್ಲಿನಡಿ ಅಡಗಿರಬೇಕು, ಕತ್ತಲಾದ ಮೇಲೆ ಊಟಕ್ಕೆ ಹೊರಡಬೇಕು, ಮೇಲೆ ಏನಾದರೂ ಕಪ್ಪಗೆ ಹಾದರೆ ಬಾಲ ಬಡಿದು ಹಿಂದಕ್ಕೆ ಹಾರಬೇಕು. ಇಷ್ಟು ಬಂದರೆ ಸಾಕು, ಕೊಂಬು ಬೆಳೆದು ದೊಡ್ಡದಾಗುವವರೆಗೆ ಬದುಕುತ್ತದೆ. ತೂವಾ ಕರಾವಳಿಯ ಪಟ್ಟಣದ ಸಂಶೋಧನಾಲಯದಲ್ಲಿ ನೀರಿನ ಪ್ರಾಣಿಗಳ ನಡವಳಿಕೆಯನ್ನು ನೋಡುವ ಕೆಲಸದಲ್ಲಿದ್ದಳು. ಬೇಸಿಗೆ ರಜೆಗೆ ಸ್ವೀಡನ್ನಿನ ಸ್ಮೋಲಾಂಡ್ ಪ್ರಾಂತದ ಈ ಈಲೆನ್ ಕೆರೆಗೆ, ತಾಯಿಯ ಹಳೆಯ ದೋಣಿಮನೆಗೆ ಬರುತ್ತಿದ್ದಳು. ರಜೆ ಎನ್ನುವುದು ಹೆಸರಿಗೆ. ದೋಣಿ ಹೊರಗೆ ಮಳೆಯಲ್ಲಿ ನೆನೆಯುತ್ತಿತ್ತು, ಒಳಗೆ ತಟ್ಟೆಗಳೂ ತೊಟ್ಟಿಗಳೂ ಗಾಳಿಯ ಪಂಪುಗಳೂ ಗೊರಗೊರ ಅನ್ನುತ್ತಿದ್ದವು.

ಈಲೆನ್ ಕೆರೆಯ ಸಿಗಡಿಗಳು ಇಪ್ಪತ್ತು ವರ್ಷದ ಹಿಂದೆ ಸೋಂಕು ತಗಲಿ ಒಂದೂ ಉಳಿಯದಂತೆ ಸತ್ತಿದ್ದವು. ಆಮೇಲೆ ವರ್ಷಗಟ್ಟಲೆ ಜನ ಅಂಗಡಿಯ ಹೆಪ್ಪುಗಟ್ಟಿದ ಸಿಗಡಿ ತಂದು, ಕಾಗದದ ಟೋಪಿ ಹಾಕಿಕೊಂಡು, ಆಗಸ್ಟಿನ ಸಿಗಡಿ ಹಬ್ಬವನ್ನು ಹೇಗೋ ಮುಗಿಸುತ್ತಿದ್ದರು. ಮಾವನ ಮನೆಗೆ ಹೋಟೆಲಿನಿಂದ ಊಟ ತರಿಸಿಕೊಂಡ ಅಳಿಯನ ಹಾಗೆ ನಾಚುತ್ತ. ಕೊನೆಗೆ ಕೆರೆಯ ಮೀನುಗಾರರ ಸಂಘದವರು ಅಪ್ಪಣೆ ತಂದು, ಬೇರೆ ಕಡೆಯಿಂದ ಈ ನಾಡಿನ ತಳಿಯನ್ನೇ ತರಿಸಿ ಕೆರೆಗೆ ಬಿಟ್ಟಿದ್ದರು. ಅವು ಈಗ ಬೆಳೆದು ದಪ್ಪವಾಗಿದ್ದವು. ಕಳೆದ ಶರತ್ಕಾಲದಲ್ಲಿ ಮೊದಲ ಸಲ ಹೆಣ್ಣುಗಳೆಲ್ಲ ಬಾಲದಡಿ ಮೊಟ್ಟೆ ಹೊತ್ತು, ಈ ಬೇಸಿಗೆಯಲ್ಲಿ ಮರಿ ಮಾಡಿದ್ದವು. ಈ ಆಗಸ್ಟಿನಲ್ಲಿ ಮೊದಲ ಬಲೆಬುಟ್ಟಿ ಇಳಿಸುವುದೆಂದು ಸಂಘ ಆಸೆಯಿಂದ ಕಾದಿತ್ತು. ಅದಕ್ಕೂ ಮೊದಲು ತೂವಾ ಒಮ್ಮೆ ನೋಡಿ ತನ್ನ ಅಭಿಪ್ರಾಯ ಹೇಳಲಿ ಎಂದು ಕೇಳಿಕೊಂಡಿತ್ತು.

"ಹೇಳ್ಲಾ?" ಎಂದಳು ಗುನ್ನೆಲ್. ಯಾವ ತಟ್ಟೆಗೆ ಯಾವ ನೀರು ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅದೂ ತೂವಾಳದೇ ಕಟ್ಟಳೆ. ನೋಡುವವಳಿಗೆ ಮೊದಲೇ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಗುನ್ನೆಲ್ ಬಸ್ಸು ಓಡಿಸಿ ನಿವೃತ್ತಳಾದವಳು, ಸಂಘದ ಅಧ್ಯಕ್ಷೆ. ಗುಟ್ಟು ಕಾಯುವುದೆಂದರೆ ಅವಳಿಗೆ ಹಲ್ಲುನೋವಿನಷ್ಟು ಕಷ್ಟ.

"ಹೇಳು."

"ಕೆಂಪು ಪಟ್ಟಿ ಅಂಟಿಸಿದ್ದು ತೊರೆ ನೀರು. ನೀಲಿದು ನಮ್ಮ ಬಾವಿ ನೀರು."

ಹೆದರದ ಮರಿಗಳ ತಟ್ಟೆಗೆ ಕೆಂಪು ಪಟ್ಟಿ ಇತ್ತು.

ತೂವಾ ದೊಡ್ಡ ಸಿಗಡಿಗಳ ತೊಟ್ಟಿಯ ಕಡೆ ನಡೆದಳು. ಅಲ್ಲೂ ಎರಡು ತೊಟ್ಟಿ, ಒಂದು ಕೆಂಪು, ಒಂದು ನೀಲಿ. ಕೆಂಪು ತೊಟ್ಟಿಯ ಮೇಲೆ ರಟ್ಟಿನ ಮೀನು ಹಿಡಿದದ್ದೇ ತಡ, ಛಟ್ ಎಂದು ಬಾಲ ಬಡಿದು, ಅವಳ ಕನ್ನಡಕದ ತುಂಬ ನೀರು.

"ದೊಡ್ಡವಕ್ಕೆ ಏನೂ ಆಗಿಲ್ಲ ತಾನೆ?" ಗುನ್ನೆಲ್ಲಳ ದನಿಯಲ್ಲಿ ಆಸೆ ಮತ್ತೆ ತಲೆಯೆತ್ತಿತು.

"ದೊಡ್ಡವಕ್ಕೆ ಏನೂ ಆಗಿಲ್ಲ."

"ಮತ್ತೆ ಸರಿಯಾಯ್ತಲ್ಲ! ನಾವು ತಿನ್ನೋದು ದೊಡ್ಡವನ್ನೇ."

ತೂವಾ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿಕೊಂಡಳು. ತೊರೆ ಕೆರೆಗೆ ಬೀಳುವ ಜಾಗದಲ್ಲೇ, ಆ ತೆಳುನೀರಿನ ಕಲ್ಲುಗಳಲ್ಲೇ, ಈ ವರ್ಷದ ಮರಿಗಳೆಲ್ಲ ಇದ್ದವು. ಅಲ್ಲೇ ಮರಿಗಳನ್ನು ತಿನ್ನುವ ಪರ್ಚ್ ಮೀನುಗಳೂ ಇದ್ದವು, ರಟ್ಟಿನವಲ್ಲ. "ತೊರೆಯಲ್ಲಿ ಏನಿದೆ ನೋಡ್ಕೊಂಡು ಬರ್ತೀನಿ," ಎಂದು ಬೂಟು ಹಾಕಿಕೊಂಡಳು. ಉಳಿದ ಬನ್ನನ್ನು ಗುನ್ನೆಲ್ ಅವಳ ಜೇಬಿಗೆ ತುರುಕಿದಳು.

ತೊರೆಯ ಮೇಲಕ್ಕೆ ಹೋಗುವುದೆಂದರೆ ಹಿಲ್ಡಿಂಗ್ ಮಾವನ ಕಾಡಿಗೆ ಹೋಗುವುದು. ಕಾಡು ಅನ್ನುವ ಹೆಸರು ಮಾತ್ರ ಉಳಿದಿತ್ತು. ಕಳೆದ ಚಳಿಗಾಲದ ಗಾಳಿಗೆ ಅವನ ಸ್ಪ್ರೂಸ್ ಮರಗಳು ಬಾಚಣಿಗೆಯ ಹಲ್ಲಿನ ಹಾಗೆ ಮುರಿದು ಬಿದ್ದಿದ್ದವು. ಅವನು ತೂವಾಳ ತಾಯಿಯ ಅಣ್ಣ, ಎಂಬತ್ತಕ್ಕೆ ಹತ್ತಿರ, ಹೆಂಡತಿ ಮಕ್ಕಳಿಲ್ಲದವನು. ಮರ ಬಿದ್ದ ವಾರವೇ ಹೊಸ ಸಸಿಗಳಿಗೆ ಹೇಳಿಕಳಿಸಿದ್ದ. ಇವು ಬೆಳೆದು ಮರವಾಗುವ ಹೊತ್ತಿಗೆ ನೀನೆಲ್ಲಿರ್ತೀಯ ಎಂದು ಯಾರೋ ಕೇಳಿದ್ದಕ್ಕೆ, "ಕೆಳಗೆ, ಬೇರಿಗೆ ಗೊಬ್ಬರವಾಗಿ," ಎಂದಿದ್ದನಂತೆ.

ಆಲ್ಡರ್ ಪೊದೆಯ ತಿರುವಿನಲ್ಲಿ ತೂವಾ ನಿಂತಳು. ತೊರೆಯ ಹರಿವಿಗೆ ಅಡ್ಡಲಾಗಿ ಸಸಿಪೆಟ್ಟಿಗೆಗಳನ್ನು ಸಾಲಾಗಿ ಮುಳುಗಿಸಿಟ್ಟಿತ್ತು. ಒಂದೊಂದರ ಅಂಚಿಗೂ ತೇಲಿಹೋಗದಂತೆ ಒಂದೊಂದು ಕಲ್ಲು. ಹಸಿರು ಸಸಿಗಳು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದ್ದವು, ಸ್ನಾನಕ್ಕಿಳಿದ ಶಾಲಾಮಕ್ಕಳಂತೆ. ಪಕ್ಕದ ಮರದ ಬುಡದ ಮೇಲೆ ಹಿಲ್ಡಿಂಗ್, ತುಟಿಯಡಿ ಹೊಗೆಸೊಪ್ಪಿನ ಪುಟ್ಟ ಪೊಟ್ಟಣ, ಮಡಿಲಲ್ಲಿ ಫ್ಲಾಸ್ಕು.

"ಬಂದ್ಯಾ? ಕಾಫಿ ಇದೆ. ಲೋಟ ಇಲ್ಲ, ಮುಚ್ಚಳದಲ್ಲಿ ಕುಡಿ."

"ಮಾವ, ಈ ಪೆಟ್ಟಿಗೆ ಯಾವಾಗಿನಿಂದ ಇಲ್ಲಿದೆ?"

"ಇವು ನಿನ್ನೆ ಬಂದವು. ಅದಕ್ಕೆ ಮುಂಚಿನವು ನೆಟ್ಟಾಯ್ತು. ಮಿಡ್‌ಸಮ್ಮರ್ ಹಬ್ಬಕ್ಕೂ ಮೊದಲಿಂದ, ಜೂನ್ ಶುರುವಿಂದ, ಒಂದಾದ ಮೇಲೆ ಒಂದು ನೆನೀತಾನೇ ಇವೆ. ಯಾಕೆ, ಕದಿಯೋಕೆ ಬಂದ್ಯಾ?"

"ನೀರಲ್ಲಿ ಯಾಕೆ ಇಡ್ತೀಯ?"

ಹಿಲ್ಡಿಂಗ್ ಅವಳನ್ನು ಕರುಣೆಯಿಂದ ನೋಡಿದ. "ಓದಿ ಓದಿ ಇಷ್ಟೂ ಗೊತ್ತಿಲ್ವೇನೇ? ಸಸಿ ಬಾಯಾರ್ಕೊಂಡು ಮಣ್ಣಿಗೆ ಇಳೀಬಾರ್ದು. ನಿಮ್ಮಜ್ಜ ಹೇಳ್ತಿದ್ದ, ಮದುವಣಿಗನಿಗೆ ಮೊದಲು ಕುಡಿಸು, ಆಮೇಲೆ ಚರ್ಚಿಗೆ ಕಳಿಸು ಅಂತ. ಈ ಕಡೆ ಎಲ್ರೂ ಹೀಗೇ ಮಾಡೋದು."

ಅದು ನಿಜವೇ. ಇಲ್ಲಿಯ ಯಾವ ತೊರೆಯ ಪಕ್ಕ ನಡೆದರೂ ನೆಡುವ ಕಾಲದಲ್ಲಿ ಹೀಗೆ ಕಲ್ಲು ಹೊತ್ತ ಪೆಟ್ಟಿಗೆ ಕಾಣುತ್ತಿತ್ತು. ತೂವಾಳೇ ಚಿಕ್ಕಂದಿನಲ್ಲಿ ಕಲ್ಲು ಆರಿಸಿ ತಂದು ಕೊಟ್ಟಿದ್ದಳು. ಅವಳು ಬಗ್ಗಿ ಒಂದು ಸಸಿಯನ್ನು ಎತ್ತಿದಳು. ಕಾಂಡದ ಕೆಳಭಾಗಕ್ಕೆ ಬೂದುಬಣ್ಣದ ತೆಳು ಲೇಪ. ಬೆರಳಿನಿಂದ ಉಜ್ಜದೆ, ಎಲೆ ಸುತ್ತಿ ಉಜ್ಜಿದಳು.

"ಅಜ್ಜನ ಕಾಲದ ಸಸಿಗೆ ಔಷಧಿ ಬಳೀತಿರ್ಲಿಲ್ಲ ಮಾವ."

"ಅಜ್ಜನ ಕಾಲದ ಸಸಿನ ಅರ್ಧಕ್ಕರ್ಧ ಮೂತಿಹುಳ ತಿಂದು ಹಾಕ್ತಿತ್ತು. ತೊಗಟೆ ಸುತ್ತ ಉಂಗುರ ಕೊರೆದ ಹಾಗೆ ತಿನ್ನುತ್ತೆ. ಅದಕ್ಕೇ ನರ್ಸರಿಯವರು ಔಷಧಿಯಲ್ಲಿ ಅದ್ದಿ ಕೊಡೋದು. ಹುಳಕ್ಕೆ ಹಾಕಿದ್ದಲ್ವಾ ಅದು? ಸಿಗಡಿಗಲ್ಲವಲ್ಲ?"

"ಔಷಧಿಗೆ ಆ ವ್ಯತ್ಯಾಸ ತಿಳಿಯಲ್ಲ. ಹುಳದ ನರವೂ ಸಿಗಡಿ ನರವೂ ಅಣ್ಣತಮ್ಮಂದಿರ ಹಾಗೆ. ಅದು ನರಕ್ಕೇ ಹೊಡೆಯೋದು."

"ಹಾಗಾದ್ರೆ ದೊಡ್ಡವೂ ಸಾಯ್ಬೇಕಿತ್ತು! ಮೊನ್ನೆ ತಾನೆ ದೋಣಿ ಕಟ್ಟೋ ಅಟ್ಟಣೆ ಕೆಳಗೆ ಒಂದನ್ನ ನೋಡಿದೆ, ನನ್ನ ಬೂಟಿನಷ್ಟು ಉದ್ದ."

"ನಿನ್ನ ಬೂಟಿನಷ್ಟು ಉದ್ದ ಇದ್ದಿದ್ರೆ ಅದು ಮೊಸಳೆ."

"ಬಾಲ ಬಡಿದು ಹೇಗೆ ಹಾರ್ತು ಗೊತ್ತಾ! ಏನಾಗಿದೆ ಅದಕ್ಕೆ? ಏನೂ ಆಗಿಲ್ಲ."

"ಅದಕ್ಕೆ ಆಗಿಲ್ಲ. ಮರಿಗಳಿಗೆ ಆಗಿದೆ. ಅವೂ ಸತ್ತಿಲ್ಲ, ಚೆನ್ನಾಗೇ ತಿನ್ತಾ ಓಡಾಡ್ಕೊಂಡಿವೆ. ಹೆದರೋದು ಮಾತ್ರ ಗೊತ್ತಿಲ್ಲ."

ಹಿಲ್ಡಿಂಗ್ ಹೊಗೆಸೊಪ್ಪಿನ ಪೊಟ್ಟಣವನ್ನು ನಾಲಗೆಯಿಂದ ಸರಿಪಡಿಸಿಕೊಂಡ. ಅವನಿಗೆ ನೋವಾಗಿತ್ತು ಎಂಬುದು ತೂವಾಗೆ ಗೊತ್ತಾಯಿತು; ನೋವಾದಾಗ ಅವನು ಫ್ಲಾಸ್ಕಿನ ಮುಚ್ಚಳವನ್ನು ಅಗತ್ಯಕ್ಕಿಂತ ಬಿಗಿಯಾಗಿ ತಿರುಗಿಸುತ್ತಿದ್ದ. ಇಡೀ ಕೆರೆಯಲ್ಲಿ ಸಿಗಡಿಯನ್ನು ಅವನಷ್ಟು ಪ್ರೀತಿಸುವವರು ಬೇರೆ ಇರಲಿಲ್ಲ, ಪ್ರೀತಿಯ ಎಲ್ಲ ಅರ್ಥದಲ್ಲೂ. ಹಿಂದೆ ಸಬ್ಬಸಿಗೆ ಹೂವಿನ ಜೊತೆ ಬೇಯಿಸಿದ ಸಿಗಡಿಯ ತಲೆಯನ್ನು ಅವನು ಚೀಪುವ ಸದ್ದು ಆಚೆ ದಡಕ್ಕೆ ಕೇಳುತ್ತಿತ್ತೆಂದು ಊರವರು ಹೇಳುತ್ತಿದ್ದರು.

"ತೋರ್ಸು," ಎಂದ. "ನಾನೇ ನೋಡ್ಬೇಕು."

ದೋಣಿಮನೆಯಲ್ಲಿ ಅವನು ರಟ್ಟಿನ ಮೀನನ್ನು ಮುಟ್ಟಲಿಲ್ಲ. "ಇದು ಮೀನಾ? ಕಪಾಟಿನ ಬಾಗಿಲ ಹಾಗಿದೆ," ಎಂದು ತನ್ನ ಟೋಪಿಯನ್ನೇ ತೆಗೆದು ದೊಡ್ಡವುಗಳ ತೊಟ್ಟಿಯ ಮೇಲೆ ಬೀಸಿದ. ಛಟ್, ಛಟ್. ಒಂದು ಕೊಳವೆಯೊಳಗೆ ಸೇರಿತು. ಇನ್ನೊಂದು ಹಿಂದಕ್ಕೆ ಹೋಗಲು ಜಾಗವಿಲ್ಲದೆ ಕೊಂಬೆತ್ತಿ ಟೋಪಿಯ ಅಂಚನ್ನೇ ಕಚ್ಚಿ ಹಿಡಿಯಿತು. ಹಿಲ್ಡಿಂಗ್ ಖುಷಿಯಿಂದ ನಕ್ಕ. "ನೋಡಿದ್ಯಾ ಇವನ ಸಿಟ್ಟು!"

"ಅದು ಹೆಣ್ಣು ಮಾವ."

"ಮತ್ತೆ ಹೇಳೋದೇನಿದೆ."

ಆಮೇಲೆ ಕೆಂಪು ಪಟ್ಟಿಯ ತಟ್ಟೆಯ ಮುಂದೆ ನಿಂತ. ಟೋಪಿ ಬೀಸಿದ. ಮತ್ತೆ ಬೀಸಿದ. ಮರಿಯೊಂದು ನೆರಳಿನೊಳಕ್ಕೆ ನಡೆದು ಬಂತು, ನಿಂತು, ಕಲ್ಲಿನ ಮೇಲಿನ ಪಾಚಿಯನ್ನು ಮೇಯತೊಡಗಿತು. ಅವನು ಟೋಪಿಯನ್ನು ಪಕ್ಕಕ್ಕಿಟ್ಟು, ತನ್ನ ದೊಡ್ಡ ಬೆರಳನ್ನು ನೀರಿಗಿಳಿಸಿ, ಮರಿಯ ಮುಂದೆಯೇ ಹಿಡಿದ. ಮರಿ ಬೆರಳನ್ನು ಹತ್ತಿ ಉಗುರಿನ ಮೇಲೆ ಕುಳಿತುಕೊಂಡಿತು.

ಹಿಲ್ಡಿಂಗ್ ಬೆರಳನ್ನು ಬಹಳ ಹೊತ್ತು ಅಲ್ಲಾಡಿಸದೆ ಹಿಡಿದುಕೊಂಡಿದ್ದ.

ಮಾರನೆಯ ಬೆಳಿಗ್ಗೆ ತೂವಾ ತೊರೆಗೆ ಹೋದಾಗ ಪೆಟ್ಟಿಗೆಗಳಿರಲಿಲ್ಲ. ಗುಡ್ಡದ ಆಚೆ, ತೊರೆಗೆ ಬೆನ್ನು ಹಾಕಿದ ಇಳಿಜಾರಿನಲ್ಲಿ ಅವನ್ನು ಸಾಲಾಗಿ ಜೋಡಿಸಿ, ಬಾವಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಹಾಕುತ್ತಿದ್ದ ಹಿಲ್ಡಿಂಗ್. ಉಸಿರು ಹಿಡಿಯುತ್ತಿತ್ತು. ಸಹಾಯ ಮಾಡಲು ಹೋದವಳಿಗೆ, "ಮುಂದಿನ ಸಲ ಮೇಣ ಬಳಿದ ಸಸಿ ತರಿಸ್ತೀನಿ. ಮೂತಿಹುಳದ ಹಲ್ಲು ಅಂಟಿಕೊಳ್ಳುತ್ತಂತೆ. ಬೆಲೆ ಜಾಸ್ತಿ. ನೀನು ಕೇಳ್ಬೇಡ ಎಷ್ಟು ಅಂತ," ಎಂದಷ್ಟೇ ಹೇಳಿದ.

ಅಂದಿನಿಂದ ಅವನು ಪ್ರತಿ ಸಂಜೆ ದೋಣಿಮನೆಗೆ ಬರತೊಡಗಿದ. ತೂವಾ ಕೆಂಪು ತಟ್ಟೆಯ ಮರಿಗಳನ್ನೆಲ್ಲ ಬಾವಿಯ ನೀರು ತುಂಬಿದ ಗಾಜಿನ ತೊಟ್ಟಿಗೆ ಹಾಕಿದ್ದಳು, ಸುಧಾರಿಸುತ್ತವೋ ನೋಡಲು. ಜೊತೆಗೆ ದೊಡ್ಡ ಸಿಗಡಿಗಳಲ್ಲಿ ಕೆಲವನ್ನು ಇನ್ನೂ ಗಟ್ಟಿಯಾದ ನೀರಿನಲ್ಲಿ, ಅಂದರೆ ಒಂದು ಪೆಟ್ಟಿಗೆ ಸಸಿಯನ್ನು ನೆನೆಹಾಕಿ ತೆಗೆದ ನೀರಿನಲ್ಲಿ ಬಿಟ್ಟು ನೋಡಿದಳು. ಅವು ಕುಡುಕರ ಹಾಗೆ ಅತ್ತಿತ್ತ ವಾಲಿದವು, ಒಂದು ಮಗುಚಿಕೊಂಡು ಕಾಲಾಡಿಸಿತು. ಬಾವಿಯ ನೀರಿಗೆ ಹಾಕಿದ ಮೇಲೆ ಮರುದಿನವೇ ಎದ್ದು ಕೂತು, ಟೋಪಿಯ ನೆರಳಿಗೆ ಮೊದಲಿನಂತೆಯೇ ಛಟ್ ಎಂದು ಹಾರಿದವು.

ಮರಿಗಳು ಹಾರಲಿಲ್ಲ. ಹಿಲ್ಡಿಂಗ್ ಟೋಪಿ ಬೀಸಿದ, ಕೈ ಬೀಸಿದ, ಒಂದು ಸಂಜೆ ನಿಜವಾದ ಪರ್ಚ್ ಮೀನನ್ನೇ ಹಿಡಿದು ತಂದು ಗಾಜಿನ ಆಚೆಯಿಂದ ತೋರಿಸಿದ. ಮರಿಗಳು ಗಾಜಿನ ಹತ್ತಿರ ಬಂದು ನೋಡಿದವು. ಮೀನು ಬಾಯಿ ತೆರೆದು ಮುಚ್ಚಿತು.

"ಎಷ್ಟು ದಿನ ಆಯ್ತು ಒಳ್ಳೆ ನೀರಲ್ಲಿ ಇಟ್ಟು. ದೊಡ್ಡವು ಒಂದೇ ದಿನಕ್ಕೆ ಸರಿಯಾದ್ವು," ಎಂದ. "ಚಿಕ್ಕವು ಬೇಗ ವಾಸಿಯಾಗ್ಬೇಕಲ್ವಾ? ಮಕ್ಕಳ ಗಾಯ ಬೇಗ ಮಾಗುತ್ತೆ ಅಂತಾರೆ."

"ಚರ್ಮದ ಗಾಯ ಮಾಗುತ್ತೆ ಮಾವ. ದೊಡ್ಡದು ಅಂದ್ರೆ ಕಟ್ಟಿ ಮುಗಿದ ಮನೆ. ಗಾಳಿ ಬಂದು ಹೆಂಚು ಹಾರಿದ್ರೆ ಮತ್ತೆ ಹೊದಿಸ್ಕೋಬಹುದು. ಮರಿ ಅಂದ್ರೆ ಇನ್ನೂ ಗೋಡೆ ಏಳ್ತಿರೋ ಮನೆ. ಆ ಹೊತ್ತಿಗೆ ಯಾರೋ ಬಂದು ಮೇಸ್ತ್ರಿ ಕಟ್ಟಿದ ದಾರ ಜರುಗಿಸಿಬಿಟ್ರೆ..."

"ಸೊಟ್ಟ ಗೋಡೇನೇ ನೇರ ಅಂತ ತಿಳ್ಕೊಂಡು ಮನೆ ಕಟ್ಟಿ ಮುಗಿಸುತ್ತೆ."

"ಹೂಂ."

"ಸರಿ ಸರಿ, ಕಥೆ ಹೇಳ್ಬೇಡ. ಬನ್ನು ಇದ್ಯಾ?"

ಆ ಸಂಜೆಗಳು ತೂವಾಗೆ ಇಷ್ಟವಾಗಿದ್ದವು. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು, ಏಕೆಂದರೆ ಎದುರಿಗಿದ್ದದ್ದು ಒಳ್ಳೆಯ ಸುದ್ದಿಯಲ್ಲ. ಆದರೂ ಪಂಪುಗಳ ಗೊರಗೊರದ ನಡುವೆ, ಬಾಗಿಲಾಚೆ ಕೆರೆ ತವರದ ತಟ್ಟೆಯಂತೆ ಹೊಳೆಯುತ್ತಿರುವಾಗ, ಮುದುಕನೊಬ್ಬ ಬನ್ನಿನ ಸಕ್ಕರೆಯನ್ನು ಮೀಸೆಗೆ ಮೆತ್ತಿಕೊಂಡು ಉಗುರಿನಷ್ಟಿರುವ ಪ್ರಾಣಿಗಳಿಗೆ "ಓಡ್ರೋ ದಡ್ಡರಾ, ಓಡಿ" ಎಂದು ಬೈಯುವುದನ್ನು ಕೇಳುತ್ತ ಕೂರುವುದರಲ್ಲಿ ಒಂದು ನೆಮ್ಮದಿ ಇತ್ತು. ಸಂಶೋಧನಾಲಯದಲ್ಲಿ ಪ್ರಾಣಿಗಳನ್ನು ಯಾರೂ ಬೈಯುತ್ತಿರಲಿಲ್ಲ.

ಸಂಘದ ಸಭೆ ಹಳೆಯ ಶಾಲೆಯ ಕೋಣೆಯಲ್ಲಿ ಸೇರಿತು. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕುಳಿತರು. ಕಾಫಿ ಬಂತು, ಬಾದಾಮಿ ಕೇಕು ಬಂತು, ಆಮೇಲೆ ತೂವಾ ಎದ್ದು ನಿಂತು ಹೇಳಿದಳು. ದೊಡ್ಡ ಸಿಗಡಿಗಳು ಆರೋಗ್ಯವಾಗಿವೆ. ಈ ವರ್ಷದ ಮರಿಗಳು ಮಾತ್ರ ಉಳಿಯುವುದು ಕಷ್ಟ. ಮೇಲಿನಿಂದ ಹರಿದು ಬಂದ ಸಸಿ ಔಷಧಿ ಅವಕ್ಕೆ ತಾಗಿದೆ, ಮೀನುಗಳು ಅವನ್ನು ಕಡಲೆಕಾಯಿಯಂತೆ ತಿನ್ನುತ್ತಿವೆ.

"ಮೇಲಿನಿಂದ ಅಂದ್ರೆ?" ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

ತೂವಾ ಬಾಯಿ ತೆರೆಯುವ ಮೊದಲೇ ಹಿಲ್ಡಿಂಗ್, ಕೇಕಿನ ತುಂಡನ್ನು ಕೆಳಗಿಡದೆ, "ಪೆಟ್ಟಿಗೆ ನಂದು," ಎಂದ.

ತಲೆಗಳೆಲ್ಲ ಅವನ ಕಡೆ ತಿರುಗಿದವು. ಆಮೇಲೆ ಇನ್ನೊಬ್ಬ, "ನಂದೂ ಇದೆಯಪ್ಪ, ಆಚೆ ತೊರೆಯಲ್ಲಿ," ಎಂದ. ಕಿಟಕಿಯ ಬಳಿಯ ಹೆಂಗಸೊಬ್ಬಳು, "ನಮ್ಮನೆಯವರು ಸೇತುವೆ ಕೆಳಗೆ ಇಟ್ಟಿದಾರೆ. ಇವತ್ತು ಬೆಳಿಗ್ಗೆ ತಾನೆ ನಾನೇ ಕಲ್ಲು ಹೇರಿ ಬಂದೆ," ಎಂದಳು. ನಗು ಹುಟ್ಟಿತು, ಕಳ್ಳರೆಲ್ಲ ಒಂದೇ ಬಂಡಿಯಲ್ಲಿ ಸಿಕ್ಕಿಬಿದ್ದವರ ನಗು. ಇನ್ನು ಮುಂದೆ ಯಾರೂ ಯಾವ ತೊರೆಯಲ್ಲೂ ಪೆಟ್ಟಿಗೆ ನೆನೆಹಾಕಕೂಡದೆಂದು ಅಲ್ಲೇ ಒಮ್ಮತದಿಂದ ತೀರ್ಮಾನವಾಯಿತು. ತೂವಾ ಅಂದುಕೊಂಡದ್ದಕ್ಕಿಂತ ಸುಲಭವಾಗಿ.

ಕಷ್ಟವಾದದ್ದು ಎರಡನೆಯ ಮಾತು.

"ಈ ವರ್ಷ ಬಲೆಬುಟ್ಟಿ ಇಳಿಸೋದು ಬೇಡ," ಎಂದಳು ತೂವಾ. "ಈ ವರ್ಷದ ಮರಿ ಹೋಯ್ತು. ಉಳಿದಿರೋದು ತಾಯಂದಿರು. ಅವಕ್ಕೆ ಏನೂ ಆಗಿಲ್ಲ, ಶರತ್ಕಾಲದಲ್ಲಿ ಮತ್ತೆ ಮೊಟ್ಟೆ ಇಡ್ತವೆ, ಮುಂದಿನ ಬೇಸಿಗೆಗೆ ಶುದ್ಧ ನೀರಲ್ಲಿ ಮರಿ ಆಗ್ತವೆ. ನಾವು ಬಿಟ್ಟಿದ್ದೇ ಸ್ವಲ್ಪ. ಇಡೀ ಊರಿನ ಹಬ್ಬಕ್ಕೆ ಹಿಡಿದ್ರೆ ತಾಯಂದಿರೂ ಹೋಗ್ತಾರೆ. ಆಮೇಲೆ ಮತ್ತೆ ಖಾಲಿ ಕೆರೆ."

ಗುನ್ನೆಲ್ ಎದ್ದಳು. ಸ್ನೇಹಿತೆಯ ವಿರುದ್ಧ ಮಾತಾಡುವುದು ಅವಳಿಗೆ ಹಿತವಾಗಿರಲಿಲ್ಲ. ಬಸ್ಸಿನ ಚಕ್ರ ಹಿಡಿದವಳಂತೆ ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದಿದ್ದಳು. "ದೊಡ್ಡವು ಚೆನ್ನಾಗಿವೆ ಅಂತ ನೀನೇ ಹೇಳ್ತೀಯ. ಇಪ್ಪತ್ತು ವರ್ಷ ಕಾದಿದೀವಿ ತೂವಾ. ಕಾದು ಕಾದು ಕೆಲವರು ಸತ್ತೇ ಹೋದ್ರು. ನನ್ನ ಗಂಡ ಸಾಯೋ ವಾರ ಸಿಗಡಿ ಕೇಳಿದ, ಅಂಗಡಿದು ತಂದುಕೊಟ್ಟೆ, ಮೂಸಿ ನೋಡಿ ಪಕ್ಕಕ್ಕಿಟ್ಟ. ಒಂದು ಸಂಜೆ ಕೇಳ್ತಿದೀವಿ. ಒಂದೇ ಒಂದು ಸಂಜೆ. ಮುಂದಿನ ವರ್ಷ ಬೇಕಿದ್ರೆ ಬಿಡೋಣ."

ಕೈ ಎತ್ತಿಸಿದರು. ಬುಟ್ಟಿ ಇಳಿಸಬೇಕೆನ್ನುವ ಕೈಗಳು ಹೆಚ್ಚಾದವು. ಬಹಳವೇನಲ್ಲ, ಆದರೆ ಹೆಚ್ಚಾದವು. ಹಿಲ್ಡಿಂಗನ ಕೈ ಎರಡು ಸಲವೂ ಮೊಣಕಾಲ ಮೇಲೆಯೇ ಇತ್ತು.

"ನಿದ್ದೆ ಬಂತಾ ಹಿಲ್ಡಿಂಗ್?" ಎಂದಳು ಗುನ್ನೆಲ್.

"ಯೋಚಿಸ್ತಿದೀನಿ. ಅಭ್ಯಾಸ ಇಲ್ಲ, ನಿಧಾನ ಆಗುತ್ತೆ."

ಹಬ್ಬದ ದಿನ ಗಾಳಿಯಿರಲಿಲ್ಲ. ಅಟ್ಟಣೆಯುದ್ದಕ್ಕೂ ಹಳದಿ ಚಂದ್ರನ ಮುಖದ ಕಾಗದದ ಲಾಂದ್ರಗಳನ್ನು ಕಟ್ಟಿದ್ದರು; ಸೂರ್ಯನಿನ್ನೂ ಮೇಲಿದ್ದುದರಿಂದ ಅವು ಕೆಲಸವಿಲ್ಲದೆ ನಗುತ್ತಿದ್ದವು. ದಡದಲ್ಲಿ ದೊಡ್ಡ ಹಂಡೆ, ಉಪ್ಪುನೀರು, ಕಟ್ಟುಕಟ್ಟಾಗಿ ಸಬ್ಬಸಿಗೆ ಹೂವು. ಅದರ ವಾಸನೆಗೇ ಜನರ ಬಾಯಲ್ಲಿ ನೀರೂರುತ್ತಿತ್ತು. ತೂವಾ ಮುನಿಸಿಕೊಂಡು ಮನೆಯಲ್ಲಿ ಕೂರಲಿಲ್ಲ. ಆಲೂಗಡ್ಡೆ ತೊಳೆದಳು, ಚೀಸಿನ ಕಡುಬು ಹೊತ್ತು ತಂದಳು, ಗುನ್ನೆಲ್ ತಲೆಗೆ ಕಟ್ಟಿದ ಮೊನಚು ಟೋಪಿಯನ್ನು ತೆಗೆಯದೆ ಹಾಗೇ ಬಿಟ್ಟಳು.

"ಸಿಟ್ಟಿಲ್ವಾ?" ಗುನ್ನೆಲ್ ಕೇಳಿದಳು.

"ಇದೆ. ಆಲೂಗಡ್ಡೆ ಮೇಲೆ ತೀರಿಸ್ಕೊಂಡೆ."

"ಒಂದಾದ್ರೂ ತಿಂತೀಯ ತಾನೆ?"

"ನೀನು ಕೊಟ್ರೆ ತಿನ್ನದೆ ಇರ್ತೀನಾ? ತಿಂದು ಮತ್ತೆ ಬೈತೀನಿ."

ಅವಳು ಅದನ್ನು ಮನಸಾರೆ ಹೇಳಿದಳು. ಹೇಳುವಾಗಲೂ ಕಣ್ಣು ಮಾತ್ರ ನೀರಿನ ಮೇಲಿತ್ತು. ಅಟ್ಟಣೆಯ ಕಂಬದ ಬುಡದಲ್ಲಿ, ಬಿಸಿಲು ಬೀಳುವ ತೆಳುನೀರಿನಲ್ಲಿ ಮರಿಯೊಂದು ಹಾಡುಹಗಲೇ ನಡೆದು ಹೋಗುತ್ತಿತ್ತು. ಅದರ ಆಚೆ ಆಳದಲ್ಲಿ, ಕಲ್ಲುಗಳಡಿ, ತಾಯಂದಿರು ಹಗಲು ಕಳೆಯಲೆಂದು ಕಾದಿದ್ದರು.

ಈಲೆನ್ ಕೆರೆಗೆ ಒಂದು ಪದ್ಧತಿ ಇತ್ತು. ಮೊದಲ ಬುಟ್ಟಿಯನ್ನು ಸಂಘದ ಅತಿ ಹಿರಿಯರೇ ನೀರಿಗೆ ಬಿಡಬೇಕು. ಅದು ಮುಳುಗಿ ಗುಳ್ಳೆ ಎದ್ದ ಮೇಲೆಯೇ ಉಳಿದವರ ದೋಣಿಗಳು ಹೊರಡುವುದು. ಯಾವ ಕಾಯಿದೆಯಲ್ಲೂ ಅದಿರಲಿಲ್ಲ. ಕಾಯಿದೆಯಲ್ಲಿದ್ದರೆ ಯಾರಾದರೂ ಮುರಿದಿರುತ್ತಿದ್ದರು. ಹಿಂದೊಮ್ಮೆ ಹಿರಿಯಳೊಬ್ಬಳು ನೆಂಟರ ಮನೆಯಲ್ಲಿ ಬಸ್ಸು ತಪ್ಪಿಸಿಕೊಂಡಾಗ, ಇಡೀ ಊರು ದೋಣಿಗಳಲ್ಲಿ ಹುಟ್ಟು ಹಿಡಿದು ಕೂತಲ್ಲೇ ಕೂತು, ಕೊನೆಗೆ ಬುಟ್ಟಿಗಳನ್ನು ಹೊತ್ತು ಮನೆಗೆ ಹೋಗಿತ್ತಂತೆ. ಬೇರೊಬ್ಬರು ಬಿಡಬಹುದಿತ್ತಲ್ಲ ಎಂದು ಅಂದು ಯಾರಿಗೂ ಹೊಳೆಯಲಿಲ್ಲ, ಇಂದೂ ಹೊಳೆಯುವುದಿಲ್ಲ.

ಈಗ ಅತಿ ಹಿರಿಯ ಹಿಲ್ಡಿಂಗ್. ಭಾನುವಾರದ ಕೋಟು ಹಾಕಿಕೊಂಡು ಅಟ್ಟಣೆಯ ತುದಿಯಲ್ಲಿ ನಿಂತಿದ್ದ. ಕಾಗದದ ಟೋಪಿ ಬೇಡವೆಂದು, ತನ್ನ ಹಳೆಯ ಟೋಪಿಯನ್ನೇ ಕೈಯಲ್ಲಿ ಹಿಡಿದಿದ್ದ. ದೋಣಿಗಳು ಅರ್ಧಚಂದ್ರಾಕಾರವಾಗಿ ಸುತ್ತ ನಿಂತವು. ಚರ್ಚಿನ ಗಂಟೆ ಐದು ಹೊಡೆಯಿತು. ಯಾರೋ ಹಾಡು ಶುರುಮಾಡಿದರು, ಯಾರೋ ಶ್ ಅಂದರು.

ಗುನ್ನೆಲ್ ಬುಟ್ಟಿ ತಂದಳು. ಹೊಸ ಬಲೆ, ಹೊಸ ಹಗ್ಗ, ಒಳಗೆ ಎರೆಗೆಂದು ಕತ್ತರಿಸಿದ ರೋಚ್ ಮೀನಿನ ತುಂಡು ಬೆಳ್ಳಗೆ ಮಿಂಚುತ್ತಿತ್ತು. ಅವಳ ಕಣ್ಣು ಆಗಲೇ ತೇವವಾಗಿತ್ತು. "ತಗೋ ಹಿಲ್ಡಿಂಗ್," ಎಂದಳು. "ಇಪ್ಪತ್ತು ವರ್ಷದ ಮೇಲೆ. ನಿನಗಿಂತ ಆಸೆಯಿಂದ ಕಾದೋರು ಈ ಕೆರೆಯಲ್ಲಿ ಯಾರಿದಾರೆ? ಮೊದಲು ಬೀಳೋ ಸಿಗಡಿನೂ ನಿನಗೇ. ಬೇಯಿಸಿ ನಾನೇ ತಟ್ಟೆಗೆ ಹಾಕ್ತೀನಿ."

ಹಿಲ್ಡಿಂಗ್ ಬುಟ್ಟಿಯನ್ನು ನೋಡಿದ. ಹಂಡೆಯ ಕಡೆ ನೋಡಿದ. ಸಬ್ಬಸಿಗೆಯ ವಾಸನೆಗೆ ಅವನ ಗಂಟಲು ಒಮ್ಮೆ ಏರಿ ಇಳಿದದ್ದು ತೂವಾಗೆ ಕಾಣಿಸಿತು. ಆಮೇಲೆ ಬಗ್ಗಿ, ಅಟ್ಟಣೆಯ ಕಂಬದ ಬುಡಕ್ಕೆ ತನ್ನ ಟೋಪಿಯ ನೆರಳನ್ನು ಮೆಲ್ಲನೆ ಹಾಯಿಸಿದ. ಅಲ್ಲಿದ್ದ ಮರಿ ಓಡದೆ ನೆರಳಿನೊಳಗೇ ನಡೆದು ಹೋಯಿತು. ದೋಣಿಗಳಲ್ಲಿ ಹುಟ್ಟುಗಳು ಅಲುಗದೆ ಕಾದವು.

ಅವನು ನೆಟ್ಟಗಾದ. ಟೋಪಿಯನ್ನು ತಲೆಗೆ ಹಾಕಿಕೊಂಡ. ಎರಡೂ ಕೈಗಳನ್ನು ಭಾನುವಾರದ ಕೋಟಿನ ಜೇಬಿನೊಳಗೆ ಇಳಿಸಿದ.

"ತಗೋ," ಎಂದಳು ಗುನ್ನೆಲ್ ಮತ್ತೆ, ಬುಟ್ಟಿಯನ್ನು ಅವನ ಎದೆಯ ಹತ್ತಿರಕ್ಕೆ ಚಾಚಿ.

"ಬೇಡ," ಎಂದ ಹಿಲ್ಡಿಂಗ್. "ಬಿಡಲ್ಲ."